ಪ್ರೆಷರ್ ಇದೆ, ಪೆಟ್ರೋಲ್ ಎಲ್ಲಿ? ಸಣ್ಣ ವಿಮಾನದ ಎಂಜಿನ್‌ಗೆ ಇಂಧನ ಸರಿಯಾಗಿ ಬಾರದಿದ್ದಾಗ

ಸಣ್ಣ ಪಿಸ್ಟನ್ ವಿಮಾನದ ಎಂಜಿನ್ ಮುಗ್ಗರಿಸಿತು ಅಂದರೆ ಮೊದಲು ಪಂಪ್ ಬದಲಾಯಿಸುತ್ತಾರೆ. ಅದರಿಂದ ಆಗಲಿಲ್ಲ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಿಚ್ಚುತ್ತಾರೆ. ಇಷ್ಟೆಲ್ಲ ದುಡ್ಡು ಸುರಿದ ಮೇಲೆ ನನ್ನ ಹತ್ತಿರ ಬರುವ ವಿಮಾನಗಳ ಲಾಗ್‌ಬುಕ್ ತಿರುವಿ ನೋಡಿದರೆ ಒಂದು ಸಂಗತಿ ಮಾತ್ರ ಎಲ್ಲೂ ಕಾಣುವುದಿಲ್ಲ: ಟ್ಯಾಂಕಿನಿಂದ ಎಂಜಿನ್‌ವರೆಗೆ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಿದೆ ಎನ್ನುವ ಲೆಕ್ಕ. ಡಬ್ಬ ಹಿಡಿದು, ಗಡಿಯಾರ ನೋಡಿ ಅಳೆಯುವ ಕೆಲಸ ಅದು. ಅದನ್ನು ಬಿಟ್ಟು ಉಳಿದದ್ದೆಲ್ಲ ಆಗಿರುತ್ತದೆ.

ಕಾರಣ ಪ್ಯಾನಲ್‌ನಲ್ಲಿರುವ ಫ್ಯೂಯಲ್ ಪ್ರೆಷರ್ ಗೇಜ್. ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಇಂಧನ ಸರಿಯಾಗಿ ಬರುತ್ತಿದೆ ಎಂದು ನಂಬುತ್ತಾರೆ. ಒತ್ತಡ ಬೇರೆ, ಹರಿವು ಬೇರೆ. ಗೇಜ್ ಜೋಡಿಸಿದ ಜಾಗದಿಂದ ಮುಂದಕ್ಕೆ ದಾರಿ ಕಟ್ಟಿದ್ದರೆ ಒತ್ತಡ ಬೀಳುವುದಿಲ್ಲ, ಏರುತ್ತದೆ. ಗೇಜ್‌ಗಿಂತ ಹಿಂದೆ ಅರ್ಧ ಕಟ್ಟಿದ್ದರೂ ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವುದೇ ಅಷ್ಟು ಕಡಿಮೆ ಎಂದ ಮೇಲೆ ಮುಳ್ಳು ಆರಾಮಾಗಿ ನಿಂತಿರುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟು ಮೂಗೆತ್ತಿ ಏರುವಾಗ ಬಣ್ಣ ಬಯಲಾಗುತ್ತದೆ. ಅಷ್ಟು ಹೊತ್ತಿಗೆ ರನ್‌ವೇ ಹಿಂದೆ ಉಳಿದಿರುತ್ತದೆ.

ಹಾಗಾಗಿ ನಾನು ಗೇಜ್‌ನಿಂದ ಶುರು ಮಾಡುವುದಿಲ್ಲ, ಪೈಲಟ್‌ನಿಂದ ಶುರು ಮಾಡುತ್ತೇನೆ.

ಮೊದಲು ಕೇಳಬೇಕಾದದ್ದು

"ಎಂಜಿನ್ ಕೆಮ್ತಾ ಇದೆ ಸರ್" ಅಂತ ಬರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಟ್ಯಾಂಕ್ ಆಯ್ಕೆಯಾಗಿತ್ತು? ಇನ್ನೊಂದಕ್ಕೆ ತಿರುಗಿಸಿದಾಗ ಸರಿಯಾಯಿತೇ? ಬೂಸ್ಟ್ ಪಂಪ್, ಅಂದರೆ ವಿದ್ಯುತ್ತಿನ ಸಹಾಯಕ ಪಂಪ್, ಹಾಕಿದಾಗ ಏನಾಯಿತು? ಟೇಕಾಫ್ ಆದ ಕೂಡಲೇ ಆಯಿತೋ, ಇಪ್ಪತ್ತು ನಿಮಿಷ ಹಾರಿದ ಮೇಲೋ? ಇಂಧನ ಕಡಿಮೆ ಮಾಡಲು ಮಿಕ್ಸ್ಚರ್ ಹಿಡಿ ಎಳೆದಾಗ ಚೇತರಿಸಿಕೊಂಡಿತೋ, ಇನ್ನಷ್ಟು ಸೊರಗಿತೋ? ಬಿಸಿಲಲ್ಲಿ ನಿಂತಿದ್ದ ವಿಮಾನವೇ?

ಈ ಉತ್ತರಗಳಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಒಂದೇ ಟ್ಯಾಂಕಿನಲ್ಲಿ ತೊಂದರೆ ಎಂದರೆ ಟ್ಯಾಂಕ್ ಆರಿಸುವ ಸೆಲೆಕ್ಟರ್ ವಾಲ್ವ್‌ನಿಂದ ಆಚೆ, ಎಂಜಿನ್ ಕಡೆ ಇರುವ ಯಾವುದನ್ನೂ ಮುಟ್ಟಬೇಕಿಲ್ಲ. ದೋಷ ಆ ಟ್ಯಾಂಕಿನ ವೆಂಟ್‌ನಲ್ಲಿ (ಗಾಳಿ ಒಳಬರುವ ಪೈಪು), ಟ್ಯಾಂಕಿನ ಒಳಗಿನ ಜಾಲರಿಯಲ್ಲಿ, ಇಲ್ಲವೇ ಅಲ್ಲಿಂದ ಸೆಲೆಕ್ಟರ್‌ವರೆಗಿನ ಪೈಪಿನಲ್ಲಿ. ಎರಡೂ ಟ್ಯಾಂಕಿನಲ್ಲಿ ಒಂದೇ ಥರ ಆದರೆ ದೋಷ ಸೆಲೆಕ್ಟರ್‌ನಿಂದ ಎಂಜಿನ್ ಕಡೆ. ಬೂಸ್ಟ್ ಪಂಪ್ ಹಾಕಿದಾಗ ಸರಿಹೋದರೆ ಎಂಜಿನ್ ತಿರುಗಿಸುವ ಪಂಪ್, ಎಳೆಯುವ ಕಡೆಯ ಗಾಳಿ ಸೋರಿಕೆ, ಆವಿ, ಈ ಮೂರರ ಮೇಲೆ ಅನುಮಾನ. ಮಿಕ್ಸ್ಚರ್ ಎಳೆದಾಗ ಎಂಜಿನ್ ಸುಧಾರಿಸಿತು ಅಂದರೆ ಇಂಧನ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಈ ಲೇಖನದ ಬಹುಪಾಲು ನಿಮಗೆ ಬೇಡ, ಕಾರ್ಬುರೇಟರ್ ಫ್ಲೋಟ್ ಇರುವ ಭಾಗಕ್ಕೆ ನೇರ ಹೋಗಿ.

ಇಂಧನದ ವೇಷ ಹಾಕಿ ಬರುವ ಬೇರೆ ಕಾಯಿಲೆಗಳೂ ಇವೆ. ಅದರಲ್ಲಿ ದೊಡ್ಡದು ಕಾರ್ಬುರೇಟರ್ ಐಸ್. ಕಾರ್ಬುರೇಟರ್‌ನ ಕಿರಿದಾದ ಗಂಟಲಾದ ವೆಂಚುರಿಯಲ್ಲಿ ಪೆಟ್ರೋಲ್ ಆವಿಯಾಗುವಾಗ ಗಾಳಿಯ ಉಷ್ಣತೆ 20 ಡಿಗ್ರಿಗೂ ಮೀರಿ ಇಳಿಯಬಹುದು, ಆದ್ದರಿಂದ ಹೊರಗೆ ಬೆಚ್ಚಗಿದ್ದರೂ ತೇವ ಇದ್ದರೆ ಐಸ್ ಕಟ್ಟುತ್ತದೆ. ನೆಲಕ್ಕೆ ಇಳಿದು ನೀವು ಕೌಲಿಂಗ್ ತೆಗೆಯುವಷ್ಟರಲ್ಲಿ ಸಾಕ್ಷಿ ಕರಗಿಹೋಗಿರುತ್ತದೆ. ಕಾರ್ಬುರೇಟರಿಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಎಳೆದಿದ್ದರೋ ಇಲ್ಲವೋ, ಎಳೆದಾಗ ಒಂದು ಗಳಿಗೆ ಇನ್ನಷ್ಟು ಒರಟಾಗಿ ಆಮೇಲೆ ಸರಿಹೋಯಿತೋ, ಕೇಳಿ ಬರೆದುಕೊಳ್ಳಿ. ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ ಒಂದೊಂದಾಗಿ ಆರಿಸಿ ನೋಡುವುದು ಎರಡು ನಿಮಿಷದ ಕೆಲಸ, ಅದನ್ನೂ ಮುಗಿಸಿಬಿಡಿ. ಇನ್‌ಟೇಕ್ ಪೈಪಿನ ಗ್ಯಾಸ್ಕೆಟ್ ಸೋರಿದರೂ ಒಂದೇ ಸಿಲಿಂಡರ್ ಗಾಳಿಗೆ ತಕ್ಕ ಇಂಧನವಿಲ್ಲದೆ ಬಡಕಲಾಗಿ ಉರಿಯುತ್ತದೆ. ಎಲ್ಲ ಸಿಲಿಂಡರ್‌ಗಳ ಇಜಿಟಿ (ಹೊಗೆಯ ಉಷ್ಣತೆ) ಒಟ್ಟಿಗೆ ಏರಿದರೆ ಇಂಧನ ಸಾಲುತ್ತಿಲ್ಲ ಎಂದರ್ಥ. ಒಂದೇ ಏರಿದರೆ ಆ ಸಿಲಿಂಡರ್‌ನ ಹತ್ತಿರವೇ ಹುಡುಕಿ.

ಡಬ್ಬ ಮತ್ತು ಗಡಿಯಾರ

ಇನ್ನು ಮುಂದೆ ಹಸಿ ಪೆಟ್ರೋಲ್ ಜೊತೆ ಕೆಲಸ. ಹ್ಯಾಂಗರ್ ಒಳಗೆ ಬೇಡ, ವಿಮಾನವನ್ನು ಬಯಲಿಗೆ ತಳ್ಳಿ. ಅಗ್ನಿಶಾಮಕ ಕೈಗೆಟುಕುವ ಹಾಗಿರಲಿ, ಅದನ್ನು ಹಿಡಿದು ನಿಲ್ಲಲು ಒಬ್ಬರು ಇರಲಿ. ಡಬ್ಬ ಲೋಹದ್ದೇ ಆಗಬೇಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ಟ್ಯಾಟಿಕ್ ಕೂಡಿ ಕಿಡಿ ಹಾರುತ್ತದೆ. ಡಬ್ಬ, ವಿಮಾನ ಎರಡನ್ನೂ ತಂತಿಯಿಂದ ಒಂದಕ್ಕೊಂದು ಜೋಡಿಸಿ, ವಿಮಾನವನ್ನು ಅರ್ಥ್ ಮಾಡಿ. ಮ್ಯಾಗ್ನೆಟೋ ಆಫ್, ಆದರೂ ಪ್ರೊಪೆಲ್ಲರ್ ಹತ್ತಿರ ಕೈ ಬೇಡ. ವಿಮಾನದ ಮಾದರಿಗೆ ಸರ್ಕಾರದ ಒಪ್ಪಿಗೆ, ಅಂದರೆ ಟೈಪ್ ಸರ್ಟಿಫಿಕೇಟ್ ಇದ್ದರೆ ಪೈಪ್ ಬಿಚ್ಚುವ ಅಧಿಕಾರ ಲೈಸೆನ್ಸ್ ಇರುವ ಎಂಜಿನಿಯರ್‌ದು. ನೀವು ಮಾಲೀಕರಾಗಿದ್ದರೆ ಪಕ್ಕದಲ್ಲಿ ನಿಂತು ಗಡಿಯಾರ ಹಿಡಿಯಿರಿ.

ಎಷ್ಟು ಬರಬೇಕು? ಪೂರ್ತಿ ಶಕ್ತಿಯಲ್ಲಿ, ಮಿಕ್ಸ್ಚರ್ ರಿಚ್ (ಇಂಧನ ಹೆಚ್ಚು) ಇದ್ದಾಗ, ಪ್ರತಿ ಹಾರ್ಸ್‌ಪವರ್‌ಗೆ ಗಂಟೆಗೆ ಹತ್ತಿರಹತ್ತಿರ ಕಾಲು ಕೆಜಿ ಇಂಧನ ಎಂದು ಹಿಡಿಯಿರಿ. 160 ಹಾರ್ಸ್‌ಪವರ್‌ನ ಲೈಕಮಿಂಗ್ ಒ-320 ಎಂಜಿನ್‌ಗೆ 40 ಕೆಜಿ. ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಲೀಟರಿಗೆ ಸುಮಾರು 0.72 ಕೆಜಿ ತೂಗುತ್ತದೆ, ಅಂದರೆ ಗಂಟೆಗೆ ಸುಮಾರು 55 ಲೀಟರ್. ಇದು ಎಂಜಿನ್ ಕುಡಿಯುವ ಲೆಕ್ಕ. ಪೈಪು ಇದಕ್ಕಿಂತ ಹೆಚ್ಚು ಕೊಡುವಂತಿರಬೇಕು. ಸಣ್ಣ ವಿಮಾನಗಳಿಗೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಬಹುಕಾಲ ಇಟ್ಟುಕೊಂಡಿದ್ದ ನಿಯಮದ ಪ್ರಕಾರ, ಟ್ಯಾಂಕ್ ಮೇಲಿದ್ದು ತಾನಾಗಿ ಇಳಿದು ಬರುವ ವ್ಯವಸ್ಥೆ ಟೇಕಾಫ್ ಬಳಕೆಯ 150 ಶೇಕಡ, ಪಂಪ್ ಇರುವ ವ್ಯವಸ್ಥೆ 125 ಶೇಕಡ ಕೊಡಬೇಕು. ಈ ಎಂಜಿನ್‌ಗೆ ಮೊದಲನೆಯದು ನಿಮಿಷಕ್ಕೆ ಸುಮಾರು 1.4 ಲೀಟರ್, ಎರಡನೆಯದು ಸುಮಾರು 1.15 ಲೀಟರ್. ನಿಮ್ಮ ವಿಮಾನದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಪರೀಕ್ಷೆ ಹೀಗೆ. ಟ್ಯಾಂಕಿನಲ್ಲಿ ಇಂಧನ ತಳದ ಹತ್ತಿರ ಇರಲಿ, ತುಂಬಿದ ಟ್ಯಾಂಕಿನಲ್ಲಿ ಅಳೆದರೆ ಮೇಲಿನ ಭಾರವೇ ತಳ್ಳಿ ಸುಳ್ಳು ಹೇಳಿಸುತ್ತದೆ. ಮೂಗಿನ ಚಕ್ರವನ್ನು ಎತ್ತರಿಸಿ, ವಿಮಾನ ಏರುವಾಗ ಇರುವ ಕೋನಕ್ಕೆ ತನ್ನಿ. ರೆಕ್ಕೆ ಮೇಲಿರುವ ವಿಮಾನಗಳಲ್ಲಿ ಇದು ತುಂಬಾ ಮುಖ್ಯ, ಯಾಕೆಂದರೆ ಮೂಗು ಎತ್ತಿದಷ್ಟೂ ಟ್ಯಾಂಕಿಗೂ ಕಾರ್ಬುರೇಟರಿಗೂ ನಡುವಿನ ಎತ್ತರ ಕಡಿಮೆಯಾಗುತ್ತದೆ. ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ, ಅದರ ಬಾಯಿಯನ್ನು ಕಾರ್ಬುರೇಟರ್ ಇದ್ದ ಎತ್ತರದಲ್ಲೇ ಹಿಡಿಯಿರಿ. ಕೆಳಗೆ ನೆಲಕ್ಕೆ ಇಳಿಬಿಟ್ಟು ಅಳೆಯುವವರನ್ನು ನೋಡಿದ್ದೇನೆ. ಅರ್ಧ ಮೀಟರ್ ಇಳಿಸಿದರೆ ಹರಿವು ಎಷ್ಟೋ ಹೆಚ್ಚಿ ದೋಷ ಮುಚ್ಚಿಹೋಗುತ್ತದೆ. ಟ್ಯಾಂಕಿನ ಮುಚ್ಚಳ ಹಾಕಿಯೇ ಇರಲಿ. ಒಂದೊಂದು ಟ್ಯಾಂಕನ್ನು ಬೇರೆಬೇರೆ ಅಳೆಯಿರಿ. ಒಂದು ನಿಮಿಷಕ್ಕೆ ನಿಲ್ಲಿಸಬೇಡಿ, ನಾಲ್ಕೈದು ನಿಮಿಷ ಬಿಡಿ, ಪ್ರತಿ ನಿಮಿಷದ ಅಳತೆ ಬರೆಯಿರಿ.

ಮೊದಲ ನಿಮಿಷ ಚೆನ್ನಾಗಿ ಬಂದು ಆಮೇಲೆ ನಿಧಾನವಾಗಿ ಸೊರಗಿದರೆ, ಆ ಧಾರೆ ಇನ್ನೂ ಬೀಳುತ್ತಿರುವಾಗಲೇ ಮುಚ್ಚಳ ಸಡಿಲಿಸಿ. ಗಾಳಿ ಒಳಗೆ ಹೋಗುವ 'ಸುಂಯ್' ಸದ್ದು ಕೇಳಿ ಧಾರೆ ದಪ್ಪವಾಯಿತೇ? ವೆಂಟ್ ಕಟ್ಟಿದೆ. ಒಂದೇ ತೂತಿನ ಎಣ್ಣೆ ಡಬ್ಬದಿಂದ ಎಣ್ಣೆ ಸುರಿದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ವೆಂಟ್ ಕಟ್ಟುವ ಖಳರಲ್ಲಿ ಮೊದಲನೆಯವನು ಕಣಜ. ಬೆರಳು ದಪ್ಪದ ಪೈಪು ಕಂಡರೆ ಸಾಕು, ಮಣ್ಣು ತಂದು ಮೆತ್ತಿ ಗೂಡು ಕಟ್ಟುತ್ತದೆ, ಅದೂ ಬಾಯಿಂದ ಸ್ವಲ್ಪ ಒಳಗೆ; ಹೊರಗಿನಿಂದ ಟಾರ್ಚ್ ಬಿಟ್ಟು ಇಣುಕಿದವರಿಗೆ ಮಾತ್ರ ಕಾಣುತ್ತದೆ. ಸೆಸ್ನಾ 172ರಲ್ಲಿ ಎಡ ರೆಕ್ಕೆಯ ಕೆಳಗೆ ಸ್ಟ್ರಟ್‌ನ ಹಿಂದೆ ಇರುವ ಪೈಪೇ ವೆಂಟ್. ತೆರವು ಮಾಡುವಾಗ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಟ್ಯಾಂಕು ಉಬ್ಬಿ ಹೊಲಿಗೆ ಬಿಡುತ್ತದೆ, ಕಸವೂ ಟ್ಯಾಂಕಿನೊಳಗೇ ಹೋಗುತ್ತದೆ. ರಬ್ಬರ್ ಟ್ಯೂಬ್ ಸಿಕ್ಕಿಸಿ ಬಾಯಿಂದ ಮೆಲ್ಲಗೆ ಊದಿದರೆ ದಾರಿ ತೆರೆದಿದೆಯೋ ಇಲ್ಲವೋ ತಿಳಿಯುತ್ತದೆ.

ಮುಚ್ಚಳ ತೆಗೆದರೂ ಹರಿವು ಏರಲಿಲ್ಲ ಎಂದರೆ ಹಿಂದಕ್ಕೆ ನಡೆಯಿರಿ. ನೀರು, ಕಸ ತಡೆದಿಡುವ ಬಟ್ಟಲಾದ ಗ್ಯಾಸ್ಕೊಲೇಟರ್ ಆದ ಮೇಲಿನ ಬಾಯಿಯಲ್ಲಿ ಅಳೆಯಿರಿ, ಆಮೇಲೆ ಅದಕ್ಕೂ ಮುಂಚಿನ ಬಾಯಿಯಲ್ಲಿ, ಆಮೇಲೆ ಸೆಲೆಕ್ಟರ್ ಹತ್ತಿರ. ಎಲ್ಲಿ ಹರಿವು ಇದ್ದಕ್ಕಿದ್ದಂತೆ ಸರಿಹೋಯಿತೋ ಆ ಜಾಗಕ್ಕೂ ಅದಕ್ಕೆ ಮೊದಲು ಅಳೆದ ಜಾಗಕ್ಕೂ ನಡುವೆ ದೋಷ ಕೂತಿದೆ. ಯೋಚನೆಯೇ ಬೇಡದ ಕೆಲಸ, ಅದಕ್ಕೇ ನನಗೆ ಇಷ್ಟ.

ಈ ದಾರಿಯಲ್ಲಿ ಸಿಗುವವು

ಗ್ಯಾಸ್ಕೊಲೇಟರ್ ಬಟ್ಟಲನ್ನು ಬಿಚ್ಚಿದಾಗ ತಳದಲ್ಲಿರುವುದನ್ನು ಚೆಲ್ಲಬೇಡಿ, ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ನೀರು ಗುಂಡಾಗಿ ಬೇರೆ ನಿಲ್ಲುತ್ತದೆ. ಕಂದು ಪುಡಿ ತುಕ್ಕು. ಕಪ್ಪು ಚೂರುಗಳು ರಬ್ಬರ್, ಅಂದರೆ ಯಾವುದೋ ಹೋಸ್ ಒಳಗಿನಿಂದ ಸಾಯುತ್ತಿದೆ. ಬಿಳಿ ಎಳೆಗಳು ಕಂಡರೆ ಯಾರೋ ಪ್ಲಂಬಿಂಗ್ ಟೇಪ್ ಸುತ್ತಿದ್ದಾರೆ. ಇಂಧನದ ಪೈಪಿನ ಮರೆಗೆ (ತಿರುಪಿನ ಸುತ್ತಿಗೆ) ಆ ಟೇಪ್ ಹಾಕಲೇಬಾರದು. ಅದರ ಚೂರು ಕಾರ್ಬುರೇಟರ್‌ಗೆ ಇಂಧನ ಬಿಟ್ಟು ತಡೆಯುವ ಸೂಜಿ, ನೀಡಲ್, ಕೆಳಗೆ ಹೋಗಿ ಕೂರುತ್ತದೆ. ಪೆಟ್ರೋಲ್‌ಗೆ ಕರಗದ ಗ್ರೀಸ್, ಫ್ಯೂಯಲ್ ಲ್ಯೂಬ್ ಸಾಕು, ಅದನ್ನೂ ಮೊದಲ ಒಂದೆರಡು ಮರೆ ಬಿಟ್ಟು ಹಚ್ಚಬೇಕು. ಸಿಲಿಕೋನ್ ಗಮ್ ಇನ್ನೂ ಕೆಟ್ಟದ್ದು, ಪೆಟ್ರೋಲ್‌ಗೆ ಉಬ್ಬಿ ಕಿತ್ತುಬರುತ್ತದೆ.

ಸೆಲೆಕ್ಟರ್ ವಾಲ್ವ್‌ನ ಹಿಡಿಯನ್ನು ಕಣ್ಣು ಮುಚ್ಚಿ ತಿರುಗಿಸಿ ನೋಡಿ. ಪ್ರತಿ ಸ್ಥಾನದಲ್ಲಿ 'ಟಕ್' ಎಂದು ಕೂರಬೇಕು. ಕೂರದಿದ್ದರೆ ಹಿಡಿ ಟ್ಯಾಂಕಿನ ಕಡೆ ತೋರಿಸುತ್ತದೆ, ಒಳಗಿನ ತೂತು ಅರ್ಧ ಮಾತ್ರ ತೆರೆದಿರುತ್ತದೆ. ಕೈಗೆ ಸುಲಭವಾಗಿ ಸಿಗದ ಸೆಲೆಕ್ಟರ್ ಎಷ್ಟು ಅಪಾಯಕಾರಿ ಎನ್ನುವುದಕ್ಕೆ ಗಾಯಕ ಜಾನ್ ಡೆನ್ವರ್ ಸತ್ತ 1997ರ ಅಪಘಾತ ಸಾಕು. ಆ ಲಾಂಗ್-ಇಝಡ್ ವಿಮಾನದಲ್ಲಿ ಹಿಡಿಯನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು.

ಹೋಸ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲಿಯೇ ಜನ ವರ್ಷಗಟ್ಟಲೆ ಅಲೆಯುತ್ತಾರೆ. ರೆಕ್ಕೆ ಕೆಳಗಿರುವ ವಿಮಾನವೊಂದು ಬಂದಿತ್ತು, ಬೇರೆ ಕಡೆ ಪಂಪ್ ಬದಲಾಯಿಸಿಯಾಗಿತ್ತು, ಕಾರ್ಬುರೇಟರ್ ಓವರ್‌ಹಾಲ್ ಆಗಿತ್ತು. ಐಡ್ಲಿಂಗ್ ಚೆನ್ನಾಗಿತ್ತು, ಟ್ಯಾಕ್ಸಿಯಲ್ಲಿ ತೊಂದರೆಯಿಲ್ಲ, ಪೂರ್ತಿ ಥ್ರಾಟಲ್‌ಗೆ ಅರ್ಧ ನಿಮಿಷದಲ್ಲಿ ಸೊರಗುತ್ತಿತ್ತು. ಗ್ಯಾಸ್ಕೊಲೇಟರ್ ಬಾಯಲ್ಲಿ ಹರಿವು ಧಾರಾಳ, ಅಲ್ಲಿಂದ ಪಂಪಿಗೆ ಹೋಗುವ ಹೋಸ್‌ನ ತುದಿಯಲ್ಲಿ ಅರ್ಧಕ್ಕಿಂತ ಕಡಿಮೆ. ಹೋಸ್ ಬಿಚ್ಚಿ ಒಬ್ಬ ಹುಡುಗನ ಕೈಗೆ ಕೊಟ್ಟೆ. ಊದಿದ. "ಸಲೀಸಾಗಿ ಹೋಗ್ತಿದೆಯಲ್ಲ ಸರ್, ಏನೂ ಇಲ್ಲ" ಅಂದ. ತಿರುಗಿಸಿ ಇನ್ನೊಂದು ತುದಿಯಿಂದ ಊದು ಅಂದೆ. ಮೆಲ್ಲಗೆ ಊದಿದರೆ ಹೋಗುತ್ತಿತ್ತು, ಜೋರಾಗಿ ಊದಿದರೆ ಕೆನ್ನೆ ಉಬ್ಬುತ್ತಿತ್ತು. ಬ್ಲೇಡ್‌ನಿಂದ ಉದ್ದಕ್ಕೆ ಸೀಳಿದೆವು. ಒಳಗಿನ ರಬ್ಬರ್ ಪದರ ಫಿಟ್ಟಿಂಗ್ ಹತ್ತಿರ ಎದ್ದು, ಉಗುರಿನಗಲದ ಒಂದು ತುಂಡು ಬುಡದಲ್ಲಿ ಮಾತ್ರ ಅಂಟಿಕೊಂಡಿತ್ತು. ಬುಡ ಪಂಪಿನ ಕಡೆ, ಬಿಡುತುದಿ ಟ್ಯಾಂಕಿನ ಕಡೆ. ಹರಿವು ಜೋರಾದಷ್ಟೂ ಅದು ಎದ್ದು ಬಾಗಿಲು ಹಾಕುತ್ತಿತ್ತು. ಹಿಂದಿನಿಂದ ಊದಿದರೆ ಗೋಡೆಗೆ ಒರಗುತ್ತಿತ್ತು. ಹೊರಗಿನಿಂದ ಆ ಹೋಸ್‌ನಲ್ಲಿ ಒಂದು ಬಿರುಕೂ ಇರಲಿಲ್ಲ. ಹೋಸ್ ಪರೀಕ್ಷಿಸುವಾಗ ಇಂಧನ ಹರಿಯುವ ದಿಕ್ಕಿನಲ್ಲೇ ಪರೀಕ್ಷಿಸಿ, ಅದೂ ಪೂರ್ತಿ ಹರಿವಿನಲ್ಲಿ. ವಯಸ್ಸಾದ ರಬ್ಬರ್ ಹೋಸ್ ಮೇಲೆ ಅನುಮಾನ ಬಂದರೆ ವಾದ ಮಾಡದೆ ಬದಲಾಯಿಸಿ.

ರೆಕ್ಕೆ ಕೆಳಗಿರುವ ವಿಮಾನಗಳಿಗೆ ಇನ್ನೊಂದು ಪೀಡೆ, ಗಾಳಿ ಎಳೆಯುವುದು. ಟ್ಯಾಂಕ್ ಕೆಳಗಿದೆ, ಎಂಜಿನ್ ಪಂಪ್ ಮೇಲಕ್ಕೆ ಎಳೆಯುತ್ತದೆ. ಆ ಭಾಗದಲ್ಲಿ ಒಂದು ಜೋಡಣೆ ಸಡಿಲವಿದ್ದರೆ ಪೆಟ್ರೋಲ್ ಹೊರಗೆ ಜಿನುಗುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಏವ್‌ಗ್ಯಾಸ್ ಸೋರಿ ಉಳಿಸುವ ನೀಲಿ ಕಲೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಪಂಪಿಗೆ ಮುಂಚೆ ಪೆಟ್ರೋಲ್‌ಗೆ ತಡೆದುಕೊಳ್ಳುವ ಪಾರದರ್ಶಕ ಟ್ಯೂಬ್ ತಾತ್ಕಾಲಿಕವಾಗಿ ಹಾಕಿ, ನೆಲದ ಮೇಲೆ ಓಡಿಸಿ, ಗುಳ್ಳೆಗಳು ಬರುತ್ತವೆಯೇ ನೋಡಿ. ಗ್ಯಾಸ್ಕೊಲೇಟರ್‌ನ ಗ್ಯಾಸ್ಕೆಟ್, ಡ್ರೈನ್ ವಾಲ್ವ್‌ನ ಓ-ರಿಂಗ್, ಸೆಲೆಕ್ಟರ್‌ನ ಕಾಂಡ, ಇವು ಮಾಮೂಲಿ ಅಪರಾಧಿಗಳು. ಹಾರುವ ಮುಂಚೆ ಆ ಟ್ಯೂಬ್ ತೆಗೆಯಿರಿ.

ಪಂಪ್ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. ಡಯಾಫ್ರಂ ಪಂಪಿನ ಡ್ರೈನ್‌ನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ, ಇಲ್ಲವೇ ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಪಂಪ್ ಮುಗಿಯಿತು. ಕಾರ್ಬುರೇಟರ್ ಇರುವ ಲೈಕಮಿಂಗ್ ಒ-320, ಒ-360ಗಳಿಗೆ ಪಂಪಿನ ಒತ್ತಡ 0.5ರಿಂದ 8 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ನಡುವೆ ಇರಬೇಕು. ಇದು ನೀಡಲ್ ಮೇಲಿನ ಮಿತಿ ಅಷ್ಟೆ, ಹರಿವಿನ ಪ್ರಮಾಣಪತ್ರವಲ್ಲ.

ಕಾರ್ಬುರೇಟರ್, ಇಂಜೆಕ್ಷನ್, ಆವಿ

ಪೈಪಿನ ತುದಿಯಲ್ಲಿ ಹರಿವು ಸರಿಯಿದ್ದೂ ಎಂಜಿನ್ ಸೊರಗಿದರೆ ಈಗ ಕಾರ್ಬುರೇಟರ್ ಸರದಿ. ಪೈಪ್ ಸೇರುವ ಬಾಯಿಯಲ್ಲೇ ಬೆರಳಿನಾಕಾರದ ಸಣ್ಣ ಜಾಲರಿ ಇರುತ್ತದೆ, ಎಷ್ಟೋ ಜನಕ್ಕೆ ಅದಿದೆ ಎಂದೇ ಗೊತ್ತಿಲ್ಲ. ಅದನ್ನು ತೆಗೆದು ತೊಳೆದು ಪೈಪ್ ಮತ್ತೆ ಜೋಡಿಸಿ. ಆಮೇಲೆ ಬಟ್ಟಲಿನ ಕೆಳಗಿನ ಪ್ಲಗ್ ತೆಗೆದು, ಅದೇ ಡಬ್ಬ ಇಟ್ಟು, ಬಟ್ಟಲಿನ ಮೂಲಕ ಎಷ್ಟು ಇಳಿಯುತ್ತದೆ ಅಳೆಯಿರಿ. ಮೇಲೆ ಧಾರಾಳವಿದ್ದು ಇಲ್ಲಿ ಕಡಿಮೆಯಾದರೆ ಫ್ಲೋಟ್ ನೀಡಲ್ ಸಿಕ್ಕಿಕೊಂಡಿದೆ. ಬಟ್ಟಲಿನಲ್ಲಿ ತೇಲುತ್ತಾ ನೀಡಲ್ ಮುಚ್ಚಿಸುವ ಫ್ಲೋಟ್ ಒಳಗೆ ಇಂಧನ ಕುಡಿದು ಭಾರವಾದರೆ ಉಲ್ಟಾ: ಮುಳುಗುತ್ತದೆ, ನೀಡಲ್ ಮುಚ್ಚುವುದಿಲ್ಲ, ಎಂಜಿನ್ ಒದ್ದೆಯಾಗಿ ಉಸಿರುಗಟ್ಟುತ್ತದೆ. ರೋಟ್ಯಾಕ್ಸ್ 912 ಎಂಜಿನ್‌ನ ಬಿಂಗ್ ಕಾರ್ಬುರೇಟರ್‌ಗಳಲ್ಲಿ ಈ ಕಾಯಿಲೆ ಹೆಸರುವಾಸಿ. ಒಂದು ಕಾರ್ಬುರೇಟರ್‌ನ ಎರಡು ಫ್ಲೋಟ್‌ಗಳು ಸೇರಿ 7 ಗ್ರಾಂ ಮೀರಬಾರದು. ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಂಡರೆ ಐದು ನಿಮಿಷದಲ್ಲಿ ತೀರ್ಮಾನ.

ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇಜ್ ಹೇಳುವ ಸುಳ್ಳು ಇನ್ನೂ ಸೊಗಸು. ಹಳೆಯ ವಿಮಾನಗಳಲ್ಲಿ 'ಫ್ಯೂಯಲ್ ಫ್ಲೋ' ಎಂದು ಬರೆದ ಗೇಜ್ ನಿಜಕ್ಕೂ ಒತ್ತಡದ ಗೇಜ್. ಇಂಧನವನ್ನು ಸಿಲಿಂಡರ್‌ಗಳಿಗೆ ಹಂಚುವ ಫ್ಲೋ ಡಿವೈಡರ್‌ನಲ್ಲಿರುವ ಒತ್ತಡವನ್ನು ಅಳೆದು ಮುಖದ ಮೇಲೆ ಗ್ಯಾಲನ್ ಎಂದು ಬರೆದಿರುತ್ತಾರೆ. ಸಿಲಿಂಡರ್‌ಗೆ ಇಂಧನ ಚಿಮ್ಮಿಸುವ ಒಂದು ನಾಝಲ್ ಕಟ್ಟಿತು ಎಂದರೆ ಹಿಂದೆ ಒತ್ತಡ ಏರುತ್ತದೆ, ಗೇಜ್ ಹೆಚ್ಚು ಹರಿವು ತೋರಿಸುತ್ತದೆ, ಸಿಲಿಂಡರ್ ಒಳಗೆ ಇಂಧನ ಕಡಿಮೆಯಾಗಿರುತ್ತದೆ. ಮುಳ್ಳು ಮೇಲಿದೆ ಎಂದು ಪೈಲಟ್ ಮಿಕ್ಸ್ಚರ್ ಇನ್ನಷ್ಟು ಎಳೆದರೆ ಆ ಸಿಲಿಂಡರ್‌ನ ಗತಿ ಮುಗಿಯಿತು. ಹರಿವು ಏರಿ ತೋರಿಸುತ್ತಿದೆ, ಒಂದು ಸಿಲಿಂಡರ್‌ನ ಇಜಿಟಿ ದಾರಿ ತಪ್ಪಿದೆ, ಐಡ್ಲಿಂಗ್ ಒರಟು: ಈ ಮೂರು ಕೂಡಿದರೆ ನಾಝಲ್.

ಅದಕ್ಕೆ ಬಾಟಲಿ ಪರೀಕ್ಷೆ. ನಾಝಲ್‌ಗಳನ್ನು ಸಿಲಿಂಡರ್‌ನಿಂದ ಬಿಚ್ಚಿ, ಅವುಗಳ ಪೈಪಿಗೆ ಮತ್ತೆ ಜೋಡಿಸಿ, ಒಂದೇ ಅಳತೆಯ ಬಾಟಲಿಗಳಲ್ಲಿ ಇಳಿಬಿಡಿ. ಮಿಕ್ಸ್ಚರ್ ರಿಚ್, ಥ್ರಾಟಲ್ ಪೂರ್ತಿ, ಬೂಸ್ಟ್ ಪಂಪ್ ಆನ್. ಬಾಟಲಿಗಳು ಮುಕ್ಕಾಲು ತುಂಬಿದಾಗ ನಿಲ್ಲಿಸಿ ಸಾಲಾಗಿ ಇಡಿ. ಒಂದು ಕಡಿಮೆ ಇದ್ದರೆ ಆ ನಾಝಲನ್ನು ಪಕ್ಕದ ಪೈಪಿಗೆ ಹಾಕಿ ಮತ್ತೆ ಮಾಡಿ. ಕೊರತೆ ನಾಝಲ್ ಜೊತೆಗೇ ಹೋದರೆ ನಾಝಲ್ ದೋಷ, ಪೈಪಿನಲ್ಲೇ ಉಳಿದರೆ ಪೈಪ್ ಅಥವಾ ಡಿವೈಡರ್. ನಾಝಲನ್ನು ಅಸಿಟೋನ್‌ನಲ್ಲಿ ನೆನೆಸಿ, ಹಿಂದಿನಿಂದ ಗಾಳಿ ಊದಿ. ತಂತಿ, ಪಿನ್ನು ತೂರಿಸಬೇಡಿ. ಆ ತೂತು ಒಂದು ಮಿಲಿಮೀಟರ್‌ಗೂ ಕಡಿಮೆ, ಒಂದು ಗೀರು ಬಿದ್ದರೆ ನಾಝಲ್ ಹಾಳು. ಇಂಧನ ಅಳೆದು ಬಿಡುವ ಸರ್ವೋಗೆ ಇಂಧನ ಬರುವ ಬಾಯಿಯ ಜಾಲರಿಯನ್ನೂ ಇದೇ ಸಮಯಕ್ಕೆ ನೋಡಿಬಿಡಿ.

ಆವಿಯ ತೊಂದರೆ ಬಿಚ್ಚಿ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಎಂಜಿನ್ ತಣ್ಣಗಾದಾಗ ಅದು ಇರುವುದೇ ಇಲ್ಲ. ಬಿಸಿಲಲ್ಲಿ ಇಳಿದು, ಕಾಲು ಗಂಟೆ ನಿಂತು, ಮತ್ತೆ ಹೊರಟಾಗ ಪ್ರೆಷರ್ ಮುಳ್ಳು ನಡುಗಿದರೆ, ಬೂಸ್ಟ್ ಪಂಪ್‌ಗೆ ನಿಂತರೆ, ಅದು ಆವಿ. ಕಾರಿನ ಪೆಟ್ರೋಲ್ ಹಾಕುವವರಿಗೆ, ಅದರಲ್ಲೂ ಚಳಿಗಾಲಕ್ಕೆಂದು ಬೇಗ ಆವಿಯಾಗುವಂತೆ ಬೆರೆಸಿದ ಪೆಟ್ರೋಲ್ ಉಳಿಸಿಕೊಂಡು ಬೇಸಿಗೆಯಲ್ಲಿ ಸುಡುವವರಿಗೆ, ಇದು ಬೇಗ ಬರುತ್ತದೆ. ಎಕ್ಸಾಸ್ಟ್ ಪೈಪಿನ ಹತ್ತಿರ ಹೋಗುವ ಹೋಸ್‌ಗೆ ಶಾಖ ತಡೆಯುವ ತೋಳು, ಫೈರ್‌ಸ್ಲೀವ್ ಹಾಕಿ, ಸಾಧ್ಯವಾದರೆ ದಾರಿಯನ್ನೇ ಬದಲಿಸಿ. ಪಂಪಿಗೆ ತಂಪು ಗಾಳಿ ಬೀಳುವ ಕವಚ ಇರಬೇಕಾದ ವಿಮಾನದಲ್ಲಿ ಅದು ಕಳೆದುಹೋಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮುಗಿಸುವಾಗ

ಎಲ್ಲ ಜೋಡಿಸಿದ ಮೇಲೆ ಬೂಸ್ಟ್ ಪಂಪ್ ಹಾಕಿ ಪ್ರತಿ ಜೋಡಣೆಯನ್ನೂ ಬೆರಳಿಂದ ಮುಟ್ಟಿ ನೋಡಿ, ಕಣ್ಣಿಗಿಂತ ಬೆರಳು ವಾಸಿ. ಮಾರ್ಕ್ ಮಾಡುವ ಬಣ್ಣ ಹಚ್ಚಿ, ಸೇಫ್ಟಿ ವೈರ್ ಹಾಕಿ. ಎಂಜಿನ್ ಬಿಸಿ ಮಾಡಿ ಪ್ರತಿ ಟ್ಯಾಂಕಿನಲ್ಲೂ ಪೂರ್ತಿ ಶಕ್ತಿಗೆ ಓಡಿಸಿ, ಆದರೆ ಸಿಲಿಂಡರ್ ತಾಪ ಗಮನಿಸುತ್ತಾ. ಕೊನೆಗೆ ಐಡ್ಲಿಂಗ್‌ನಲ್ಲಿ ಮಿಕ್ಸ್ಚರ್ ನಿಧಾನವಾಗಿ ಎಳೆಯಿರಿ. ಲೈಕಮಿಂಗ್‌ನಲ್ಲಿ ನಿಲ್ಲುವ ಮುಂಚೆ 25ರಿಂದ 50 ಆರ್‌ಪಿಎಂ ಏರಬೇಕು. ಏರದೆ ಸತ್ತರೆ ಐಡ್ಲ್ ಮಿಕ್ಸ್ಚರ್ ಬಡಕಲು, 50 ದಾಟಿದರೆ ಅತಿ ದಪ್ಪ. ಮೊದಲ ಹಾರಾಟ ರನ್‌ವೇ ಮೇಲೆಯೇ ಸುತ್ತು ಹೊಡೆಯುತ್ತಾ ಎತ್ತರಕ್ಕೆ ಹೋಗಲಿ, ಟ್ಯಾಂಕ್ ಬದಲಿಸಿ ನೋಡುವುದು ಸಾಕಷ್ಟು ಎತ್ತರ ಸಿಕ್ಕ ಮೇಲೆ.

ಲಾಗ್‌ಬುಕ್‌ನಲ್ಲಿ 'ದೋಷ ಸರಿಪಡಿಸಲಾಯಿತು' ಎಂದು ಬರೆದು ಸಹಿ ಹಾಕಬೇಡಿ. ಎಡ ಟ್ಯಾಂಕ್ ನಿಮಿಷಕ್ಕೆ ಇಷ್ಟು, ಬಲ ಇಷ್ಟು, ಮೂಗು ಇಷ್ಟು ಡಿಗ್ರಿ ಮೇಲೆ, ಟ್ಯಾಂಕಿನಲ್ಲಿ ಇಷ್ಟು ಇಂಧನ, ಮುಚ್ಚಳ ಹಾಕಿತ್ತು ಎಂದು ಬರೆಯಿರಿ. ಮುಂದಿನ ವಾರ್ಷಿಕ ತಪಾಸಣೆಯಲ್ಲಿ ಅದೇ ಸ್ಥಿತಿಯಲ್ಲಿ ಮತ್ತೆ ಅಳೆಯಬಹುದು. ಎಡ ಟ್ಯಾಂಕಿನ ಅಂಕಿ ಹತ್ತು ಶೇಕಡ ಇಳಿದಿದ್ದರೆ, ಎಂಜಿನ್ ಇನ್ನೂ ಕೆಮ್ಮುವ ಮುಂಚೆಯೇ, ಟ್ಯಾಂಕಿನ ಜಾಲರಿ ತೆಗೆದು ನೋಡಿ.